ಸವತಿಯ ಬೆಲೆ

ಅಕ್ಟೋಬರ್ 3

ನಮ್ಮನೆಯವರ ಯಾವ ಬೆರಳು ಅಲುಗಿತು, ಎಷ್ಟು ಅಲುಗಿತು ಎಂದು ದಿನಾ ಬರೆದಿಡಿ ಅಂತ ಫಿಸಿಯೋ ಹುಡುಗಿ ಹೇಳಿ ಹೋಗಿದ್ದಾಳೆ. ಬಲಗೈ: ಯಾವ ಬೆರಳೂ ಇಲ್ಲ. ಬಲಗಾಲು: ಇಲ್ಲ. ಮಾತು: ಇಲ್ಲ. ಬರೆದಾಯಿತು. ಇಷ್ಟಕ್ಕೆ ಒಂದು ಪುಟ ಯಾಕೆ? ಬಟ್ಟೆ ಕತ್ತರಿಸಿ ಮಿಕ್ಕ ತುಂಡನ್ನೇ ಎಸೆಯದವಳು ನಾನು, ಮುಕ್ಕಾಲು ಪುಟ ಖಾಲಿ ಬಿಡಲು ಮನಸ್ಸು ಬರಲಿಲ್ಲ. ಉಳಿದ ಜಾಗ ನನಗೆ.

ಇವತ್ತು ಕಾರು ಮಾರುವುದೆಂದು ತೀರ್ಮಾನಿಸಿದೆ. ಇವರಿಗೆ ಹೇಳಿಲ್ಲ.

ಹೇಳುವುದಾದರೂ ಹೇಗೆ? ಆ ಕಾರು ನನ್ನ ಸವತಿ. ಹಾಗಂತ ಇವರೆದುರೇ ಕರೆಯುತ್ತಿದ್ದೆ, ಇವರು ಹೊಟ್ಟೆ ತುಂಬ ನಗುತ್ತಿದ್ದರು. ಕಡುಹಸಿರು ಬಣ್ಣ, ನಮ್ಮ ಅಡುಗೆಮನೆಗಿಂತ ದೊಡ್ಡದು, ಒಳಗೆ ಚರ್ಮದ ಸೀಟು, ಮುಂದೆ ಹೊಳೆಯುವ ಮರದ ಪಟ್ಟಿ, ಅದರ ನಡುವೆ ಒಂದು ಮುಳ್ಳಿನ ಗಡಿಯಾರ. ಹೊಸದಾಗಿದ್ದಾಗ ಯಾರೋ ದೊಡ್ಡ ಕುಳದ ಮನೆಯಲ್ಲಿತ್ತಂತೆ. ನಮ್ಮ ಮನೆಗೆ ಬರುವಷ್ಟರಲ್ಲಿ ಅದಕ್ಕೂ ವಯಸ್ಸಾಗಿತ್ತು, ಇವರಿಗೂ. ಇವರದು ಮನೆ, ಅಂಗಡಿ ಕೊಡಿಸುವ ದಲ್ಲಾಳಿ ಕೆಲಸ. "ನಡ್ಕೊಂಡು ಬಂದ ದಲ್ಲಾಳಿ ಹತ್ರ ಜನ ಚೌಕಾಸಿ ಮಾಡ್ತಾರೆ ಕಣೇ. ಈ ಸೀಟಲ್ಲಿ ಕೂತ್ಮೇಲೆ ಮಾಡಲ್ಲ, ನಾಚ್ಕೋತಾರೆ" ಎನ್ನುತ್ತಿದ್ದರು. ಮಾತು ಬಲ್ಲವರಾಗಿದ್ದರು.

ಮೇ ತಿಂಗಳಲ್ಲಿ ಲಕ್ವ ಹೊಡೆದು ಇವರ ಬಲಭಾಗ ಬಿದ್ದುಹೋಯಿತು, ಮಾತೂ ಹೋಯಿತು. ಯಂತ್ರಗಳಿರುವ ಚಿಕಿತ್ಸಾ ಕೇಂದ್ರಕ್ಕೆ ವಾರಕ್ಕೆ ಮೂರು ಸಲ ಕರೆದುಕೊಂಡು ಬಂದರೆ ಕೈಯಾದರೂ ಬಂದೀತು, ತಡ ಮಾಡಿದಷ್ಟೂ ಕಷ್ಟ ಎಂದು ಆ ಹುಡುಗಿ ಹೇಳುತ್ತಾಳೆ. ಕರೆದುಕೊಂಡು ಹೋಗುವುದೇ ಕಷ್ಟ. ಕಟ್ಟಡದಲ್ಲಿ ಲಿಫ್ಟು ಇದೆ, ಪುಣ್ಯ. ಆದರೆ ಸವತಿಯ ಸೀಟು ಎಷ್ಟು ತಗ್ಗು ಎಂದರೆ ಇವರನ್ನು ಅದರಲ್ಲಿ ಕೂರಿಸುವುದೂ ಬಾವಿಗೆ ಇಳಿಸುವುದೂ ಒಂದೇ. ಟ್ಯಾಕ್ಸಿಯವರು ಗಾಲಿಕುರ್ಚಿ ಕಂಡ ಕೂಡಲೇ ಏನೋ ಅವಸರದ ಕೆಲಸ ನೆನಪಾಗಿ ಹೊರಟುಬಿಡುತ್ತಾರೆ.

ಬೀದಿಯ ತುದಿಯ ಬ್ರೆಡ್ ಅಂಗಡಿಯ ಯಜಮಾನರು ತಮ್ಮ ಸಣ್ಣ ವ್ಯಾನ್ ಮಾರುತ್ತಿದ್ದಾರೆ. ಪಕ್ಕಕ್ಕೆ ಸರಿಯುವ ಅಗಲದ ಬಾಗಿಲು. ಒಂದು ಹಲಗೆ ಇಟ್ಟರೆ ಕುರ್ಚಿ ಸಮೇತ ಇವರನ್ನು ಒಳಗೆ ತಳ್ಳಬಹುದು, ಓಡಿಸಲು ಮೈದುನ ಇದ್ದಾನೆ. ಐದು ಲಕ್ಷ, ಒಂದು ಕಾಸೂ ಕಡಿಮೆಯಿಲ್ಲ, ತಿಂಗಳ ಕೊನೆಯವರೆಗೆ ನಿಮಗಾಗಿ ಕಾಯುತ್ತೇನೆ ಎಂದಿದ್ದಾರೆ. ಹಾಗಾಗಿ ಸವತಿಗೆ ಐದು ಬರಬೇಕು. ಅಷ್ಟೇ ಲೆಕ್ಕ.

ಅಕ್ಟೋಬರ್ 5

ಬೆರಳು: ಇಲ್ಲ.

ಮೈದುನ ಫೋನಿನಲ್ಲಿ ಕಾರಿನ ಫೋಟೋ ಹಾಕಿದ್ದ. ಮೊದಲ ಗಿರಾಕಿ ಬಂದ. ಇವರ ಕುರ್ಚಿ ಯಾವಾಗಲೂ ಕಿಟಕಿಯ ಹತ್ತಿರ ಇರುತ್ತದೆ, ಅಲ್ಲಿಂದ ಕೆಳಗಿನ ಅಂಗಳ, ಅಂಗಳದಲ್ಲಿ ಕಾರು, ಎಲ್ಲ ಕಾಣುತ್ತದೆ. ಕುರ್ಚಿಯನ್ನು ಟಿವಿ ಕಡೆ ತಿರುಗಿಸಿ, ಬ್ರೇಕು ಹಾಕಿ ಕೆಳಗಿಳಿದೆ.

ಗಿರಾಕಿಯ ಕೋಟು ಭುಜದಲ್ಲಿ ಎರಡು ಬೆರಳು ದೊಡ್ಡದಿತ್ತು. ಇನ್ನೊಬ್ಬರ ಕೋಟು ಹಾಕಿಕೊಂಡವನ ಹತ್ತಿರ ನನ್ನ ದುಡ್ಡೆಲ್ಲಿ ಇರುತ್ತದೆ ಎಂದು ಆಗಲೇ ಅನ್ನಿಸಿತು. ಅವನು ಕಾರಿಗೆ ಒಂದು ಸುತ್ತು ಹಾಕಿದ, ಟೈರಿಗೆ ಒದ್ದ, "ಎಷ್ಟಮ್ಮಾ?" ಎಂದ.

"ಐದು" ಎಂದೆ.

ಅವನು ಸುಮ್ಮನೆ ನಿಂತ. ಏನೂ ಮಾತಾಡಲಿಲ್ಲ. ಆ ಮೌನ ನನಗೆ ತಡೆಯಲಾಗಲಿಲ್ಲ. "ಐದು ಅಂದ್ರೆ... ಸ್ವಲ್ಪ ಹೆಚ್ಚು ಕಡಿಮೆ ಮಾಡ್ಕೊಡೋಣ" ಎಂದೆ. ಅವನು ಆಗಲೂ ಸುಮ್ಮನಿದ್ದ. "ಹಿಂದಿನ ಬಾಗಿಲಿನ ಗಾಜು ಸ್ವಲ್ಪ ಹಿಡ್ಕೊಳ್ಳುತ್ತೆ" ಎಂದೂ ಸೇರಿಸಿದೆ. ಯಾರು ಕೇಳಿದ್ದರು ನನ್ನನ್ನು?

"ಎರಡೂವರೆ" ಎಂದು ಹೇಳಿ ಅವನು ಹೊರಟುಹೋದ.

ಮೈದುನ ತಲೆ ಚಚ್ಚಿಕೊಂಡ. "ಅತ್ತಿಗೆ, ಅವನು ಬಾಯೇ ಬಿಟ್ಟಿರ್ಲಿಲ್ಲ. ನಿಮ್ಮ ಮೇಲೆ ನೀವೇ ಚೌಕಾಸಿ ಮಾಡ್ಕೊಂಡ್ರಲ್ಲ! ಮತ್ತೆ ಬೇಕಾಗಿರೋ ಬೆಲೇನೇ ಮೊದ್ಲು ಯಾರಾದ್ರೂ ಹೇಳ್ತಾರಾ? ಅಣ್ಣ ಇದ್ದಿದ್ರೆ..."

ಹೌದು, ಇವರಿದ್ದಿದ್ದರೆ. ಬೆಲೆ ಹೇಳಿದ ಮೇಲೆ ಸುಮ್ಮನೆ ಕೂರುವುದೇ ಕಷ್ಟದ ಕೆಲಸ, ಜನ ದಲ್ಲಾಳಿಗೆ ದುಡ್ಡು ಕೊಡುವುದು ಅದಕ್ಕೇ ಎಂದು ಇವರು ಹೇಳುತ್ತಿದ್ದರು. ನಾನು ಆಗ ಗುಂಡಿ ಹೊಲಿಯುತ್ತಾ ಹೂಂಗುಟ್ಟುತ್ತಿದ್ದೆ. ಕಿವಿ ಮೇಲೆ ಹಾಕಿಕೊಂಡಿದ್ದರೆ ಇವತ್ತು ಉಪಯೋಗಕ್ಕೆ ಬರುತ್ತಿತ್ತು.

ಮೇಲೆ ಬಂದು ಕುರ್ಚಿಯನ್ನು ಕಿಟಕಿಗೆ ತಿರುಗಿಸಿದೆ. ಇವರು ನನ್ನ ಮುಖ ನೋಡಿದರು. "ಕಾರು ಸರ್ವೀಸಿಗೆ ಕೊಡೋಣ ಅಂತ ತೋರಿಸ್ದೆ" ಎಂದೆ.

ಅಕ್ಟೋಬರ್ 6

ಇಲ್ಲ. ಯಾರೂ ಬರಲಿಲ್ಲ. ಮೂರನೇ ಮಹಡಿಯಾಕೆ ಮಗಳ ಜಾಕೆಟ್ಟಿಗೆ ಜಿಪ್ ಹಾಕಿಸಿಕೊಂಡು, ಹೇಳಿದ ದುಡ್ಡಿಗೆ ಮೂಗು ಮುರಿದಳು. ಅರ್ಧ ಕೊಟ್ಟರೆ ಸಾಕು ಎಂದೆ.

ಅಕ್ಟೋಬರ್ 9

ಇವತ್ತು ಬಂದವನಿಗೆ ಹಲ್ಲುಕಡ್ಡಿ ಎಂದು ಹೆಸರಿಟ್ಟಿದ್ದೇನೆ. ಬಂದಾಗಿನಿಂದ ಹೋಗುವವರೆಗೆ ಅದು ಬಾಯಿಯ ಈ ಮೂಲೆಯಿಂದ ಆ ಮೂಲೆಗೆ ಓಡಾಡುತ್ತಲೇ ಇತ್ತು. ಮದುವೆಗಳಿಗೆ ದೊಡ್ಡ ಹಳೇ ಕಾರು ಬಾಡಿಗೆ ಕೊಡುವುದು ಅವನ ಕಸುಬು. ಅಂಗಿಯ ಇಸ್ತ್ರಿ ಅಚ್ಚುಕಟ್ಟು, ಕಿಸೆಯ ಹೊಲಿಗೆ ಮಾತ್ರ ಹಿಂಜಿತ್ತು. ದುಡ್ಡು ತೆಗೆದು ಹಾಕಿ ಮಾಡುವ ಕಿಸೆ ಹಾಗೇ ಹಿಂಜುವುದು. ಇವನು ನಿಜವಾದ ಗಿರಾಕಿ.

ಆದರೆ ಸವತಿ ಮಾನ ಕಳೆದಳು. ಕೀಲಿ ತಿರುಗಿಸಿದರೆ ಟಿಕ್ ಎಂದಳು, ಮತ್ತೆ ಉಸಿರಿಲ್ಲ. ತಿಂಗಳುಗಟ್ಟಲೆ ನಿಂತು ಬ್ಯಾಟರಿ ಸತ್ತಿತ್ತು. ಹಲ್ಲುಕಡ್ಡಿ ತನ್ನ ಕಾರಿನಿಂದ ತಂತಿ ಎಳೆದು ಚಾಲೂ ಮಾಡಿಸಿದ. ಮಾಡಿಸುತ್ತಾ ಒಂದೊಂದೇ ಕೊರತೆ ಎಣಿಸಿದ. ಇಲ್ಲಿ ತುಕ್ಕು, ಅಲ್ಲಿ ಎಣ್ಣೆ ಸೋರಿಕೆ, ಸೀಟಿನ ಚರ್ಮ ಬಿರುಕು.

"ಮೇಡಂ, ಇದನ್ನ ಸಾಕೋದು ಆನೆ ಸಾಕಿದ ಹಾಗೆ. ಬಿಡಿಭಾಗ ಸಿಗಲ್ಲ. ಸಿಕ್ಕಿದ್ರೆ ಅದರ ಬೆಲೆಗೆ ಇನ್ನೊಂದು ಕಾರೇ ಬರುತ್ತೆ. ಮೂರು ಕೊಡ್ತೀನಿ, ಅದೂ ನಿಮ್ಮ ಮುಖ ನೋಡಿ."

ನನ್ನ ಮುಖಕ್ಕೆ ಅಷ್ಟು ಬೆಲೆಯಿದೆ ಎಂದು ಗೊತ್ತಿರಲಿಲ್ಲ. "ಆರು" ಎಂದೆ, ಈ ಸಲ ಬುದ್ಧಿ ಉಪಯೋಗಿಸಿ. ಅವನು ನಕ್ಕು ಹಾರ್ನ್ ಒತ್ತಿದ. ಬೇಡ ಬೇಡ ಎನ್ನುವಷ್ಟರಲ್ಲಿ ಎರಡು ಸಲ ಒತ್ತಿಬಿಟ್ಟ. ಬಾಗಿಲು ತೆಗೆದು ಹಾಕಿ ನೋಡಿದ. ಆ ಬಾಗಿಲಿನ ಭಾರವಾದ ಸದ್ದು ಬೇರೆ ಯಾವ ಕಾರಿಗೂ ಇಲ್ಲ.

ಓಡಿ ಮೇಲೆ ಬಂದೆ. ಟಿವಿಗೆ ಮುಖ ಮಾಡಿಸಿ ಕೂರಿಸಿದ್ದ ಇವರು ಎಡಗೈಯಿಂದ ಕುರ್ಚಿಯ ಹಿಡಿಯನ್ನು ಬಡಿಯುತ್ತಿದ್ದರು. ಒಂದೇ ಸಮ.

"ಸರ್ವೀಸಿನವನು ರೀ" ಎಂದೆ. ಎಡಗೈ ನಿಂತಿತು. ಬಡಿಯುತ್ತಲೇ ಇದ್ದಿದ್ದರೆ ವಾಸಿಯಿತ್ತು.

ಅಕ್ಟೋಬರ್ 10

ಬೆಳಿಗ್ಗೆ ಸೂಪು ಮುಟ್ಟಲಿಲ್ಲ. ಮಧ್ಯಾಹ್ನವೂ ಬಾಯಿ ತೆರೆಯಲಿಲ್ಲ.

ಹಾಲು ತರಲು ಹೋಗಿದ್ದೆ. ಬರುವಷ್ಟರಲ್ಲಿ ಇವರು ಹೇಗೋ ಬ್ರೇಕು ತೆಗೆದುಕೊಂಡಿದ್ದರು. ಒಂದೇ ಕೈಯಿಂದ ಒಂದೇ ಚಕ್ರ ತಿರುಗಿಸಿದರೆ ಗಾಲಿಕುರ್ಚಿ ಮುಂದಕ್ಕೆ ಹೋಗುವುದಿಲ್ಲ, ನಿಂತಲ್ಲೇ ಸುತ್ತುತ್ತದೆ. ಕಿಟಕಿಗೆ ಹೋಗಬೇಕೆಂದು ಇವರು ಎಷ್ಟು ಸುತ್ತು ಸುತ್ತಿದ್ದರೋ. ನಾನು ಬಟ್ಟೆ ಕತ್ತರಿಸುವ ಮೇಜಿಗೆ ಕುರ್ಚಿ ಹೊಡೆದು, ಗುಂಡುಪಿನ್ನಿನ ಡಬ್ಬಿ ಬಿದ್ದು, ನೆಲದ ತುಂಬಾ ಪಿನ್ನು. ಇವರು ಅದರ ನಡುವೆ, ಗೋಡೆಗೆ ಮುಖ ಮಾಡಿ, ಬೆವರಿನಲ್ಲಿ ತೊಯ್ದು, ಇನ್ನೂ ತಿರುಗಿಸುತ್ತಲೇ ಇದ್ದರು.

ನೆಲದ ಮೇಲೆ ಕೂತು ಪಿನ್ನು ಆರಿಸುತ್ತಾ ಅತ್ತೆ. ಅಳುತ್ತಲೇ ಹೇಳಿಬಿಟ್ಟೆ. "ಮಾರ್ತಾ ಇದೀನಿ ರೀ. ನಿಮ್ಮ ಕಾರು. ಬ್ರೆಡ್ ಅಂಗಡಿಯವರ ವ್ಯಾನ್ ತಗೋಬೇಕು. ನಿಮ್ಮನ್ನ ಅಲ್ಲಿಗೆ ಕರ್ಕೊಂಡು ಹೋಗೋಕೆ ನನಗೆ ಬೇರೆ ದಾರಿ ಕಾಣ್ತಿಲ್ಲ. ಕೇಳ್ಬೇಕಿತ್ತು, ಕೇಳಲಿಲ್ಲ. ನೀವು ಬೇಡ ಅಂದ್ರೆ ಏನ್ ಮಾಡ್ಲಿ ಅಂತ ಹೆದ್ರಿಕೆ."

ಕಣ್ಣು ಮುಚ್ಚಿದರೆ ಹೌದು, ತಲೆ ಆಡಿಸಿದರೆ ಇಲ್ಲ ಎಂದು ಫಿಸಿಯೋ ಹುಡುಗಿ ನಮಗೆ ಕಲಿಸಿದ್ದಾಳೆ. ಇವರು ಕಣ್ಣೂ ಮುಚ್ಚಲಿಲ್ಲ, ತಲೆಯೂ ಆಡಿಸಲಿಲ್ಲ. ನನ್ನನ್ನು ನೋಡಿದರು. ಕುರ್ಚಿಯನ್ನು ಕಿಟಕಿಗೆ ತಳ್ಳಿದೆ. ಸಂಜೆಯವರೆಗೆ ಕೆಳಗೆ ನೋಡುತ್ತಾ ಕೂತಿದ್ದರು. ಆಮೇಲೆ ಬ್ರೆಡ್ಡು ಅದ್ದಿ ಕೊಟ್ಟರೆ ತಿಂದರು.

ಅಕ್ಟೋಬರ್ 13

ಇಲ್ಲ.

ಒಬ್ಬ ಹುಡುಗ, ಒಬ್ಬಳು ಹುಡುಗಿ ಬಂದರು. ಸೀಟಿನಲ್ಲಿ ಕೂತರು, ಮರದ ಪಟ್ಟಿ ಸವರಿದರು, ಬಾನೆಟ್ಟಿಗೆ ಒರಗಿ ನಿಂತು ಒಂದಷ್ಟು ಫೋಟೋ ತೆಗೆದುಕೊಂಡರು. "ಯೋಚನೆ ಮಾಡಿ ಹೇಳ್ತೀವಿ ಆಂಟಿ" ಎಂದರು. ಹೋಗುವಾಗ ಇಬ್ಬರದೂ ಒಂದು ಫೋಟೋ ತೆಗೆದುಕೊಡಲು ನನಗೇ ಹೇಳಿದರು. ತೆಗೆದುಕೊಟ್ಟೆ. ನನ್ನ ತಲೆ.

ಅಕ್ಟೋಬರ್ 16

ಇವತ್ತಿನದನ್ನು ಬರೆಯಲೇಬೇಕು.

ಹಲ್ಲುಕಡ್ಡಿ ಮತ್ತೆ ಬಂದ. ನಾನು ಇವರನ್ನು ಬಿಟ್ಟು ಕೆಳಗಿಳಿಯುವ ಹಾಗಿರಲಿಲ್ಲ, ಆಗಷ್ಟೇ ಬಟ್ಟೆ ಬದಲಾಯಿಸಿ ಕೂರಿಸಿದ್ದೆ. ಅಂಗಿಯ ಗುಂಡಿ ತೆಗೆದು ಒಳಗೆ ಅಂಟುಪಟ್ಟಿ ಹೊಲಿದಿದ್ದೇನೆ, ಗುಂಡಿಗಳನ್ನು ಮೇಲೆ ಸುಮ್ಮನೆ ಕೂರಿಸಿರುವುದರಿಂದ ಗುಂಡಿ ಹಾಕಿದ ಹಾಗೇ ಕಾಣುತ್ತದೆ. ಕೂದಲು ಬಾಚಿತ್ತು, ತೊಡೆಯ ಮೇಲೆ ಹೊದಿಕೆ, ಹೊದಿಕೆಯ ಮೇಲೆ ಬಲಗೈ. ನೋಡುವವರಿಗೆ ಏನೂ ಗೊತ್ತಾಗುವುದಿಲ್ಲ. "ಮೇಲೇ ಬನ್ನಿ, ಕಾಫಿ ಕುಡ್ಕೊಂಡು ಮಾತಾಡೋಣ" ಎಂದು ಫೋನಿನಲ್ಲಿ ಹೇಳಿದೆ.

ಅವನು ಬಂದವನೇ ಇವರಿಗೆ ನಮಸ್ಕಾರ ಎಂದ. ಇವರು ಅವನನ್ನು ನೋಡಿದರು, ಅಷ್ಟೇ. "ಕಾಲು ಸರಿಯಿಲ್ಲ, ಅದಕ್ಕೇ ಕುರ್ಚಿ. ಮಾತು ಕಡಿಮೆ ಅವರಿಗೆ" ಎಂದೆ. ಸುಳ್ಳೇನೂ ಅಲ್ಲ.

"ಸಾರ್, ಮೂರಕ್ಕೆ ಮುಗಿಸೋಣ" ಎಂದ ಹಲ್ಲುಕಡ್ಡಿ.

ಇವರು ನೋಡುತ್ತಲೇ ಇದ್ದರು.

"ಮೂರೂಕಾಲು."

ಇವರ ಕಣ್ಣು ಅವನ ಮುಖದಿಂದ ಕದಲಲಿಲ್ಲ. ಕಡ್ಡಿ ಬಾಯಿಯ ಬಲಮೂಲೆಗೆ ಹೋಯಿತು, ಎಡಮೂಲೆಗೆ ಬಂತು. ನನ್ನ ನಾಲಿಗೆ ತುರಿಸುತ್ತಿತ್ತು, ಹೆಚ್ಚು ಕಡಿಮೆ ಮಾಡಿಕೊಡೋಣ ಎಂದು ಹೇಳಲು. ಕಾಫಿ ತರುತ್ತೇನೆಂದು ಅಡುಗೆಮನೆಗೆ ಹೋಗಿ ಸೆರಗನ್ನು ಬಾಯಿಗೆ ತುರುಕಿಕೊಂಡು ನಿಂತೆ. ಹೊರಗಿನಿಂದ ಅವನ ದನಿ ಮಾತ್ರ ಕೇಳುತ್ತಿತ್ತು. ಒಬ್ಬನೇ ಮಾತಾಡುತ್ತಿದ್ದ. ಟೈರಿನ ಬಗ್ಗೆ, ಪೆಟ್ರೋಲಿನ ಬಗ್ಗೆ, ಮದುವೆ ಸೀಸನ್ನು ಈ ಸಲ ಹೇಗೆ ಮಂಕಾಗಿದೆ ಅಂತ. ಕಾಫಿ ತೆಗೆದುಕೊಂಡು ಹೊರಬರುವಷ್ಟರಲ್ಲಿ ಹಣೆ ಒರೆಸಿಕೊಳ್ಳುತ್ತಿದ್ದ.

"ಮೂರೂಮುಕ್ಕಾಲು ಅಂದೆ ಮೇಡಂ, ಸಾರ್ ಒಪ್ತಾ ಇಲ್ಲ. ಸರಿ, ನಾಲ್ಕು. ಯೋಚನೆ ಮಾಡಿ. ಭಾರೀ ಗಟ್ಟಿ ಕುಳ ಇವರು."

ಅವನ ಹೆಜ್ಜೆ ಸದ್ದು ಲಿಫ್ಟಿನವರೆಗೆ ಹೋಗುವ ತನಕ ತಡೆದುಕೊಂಡೆ. ಆಮೇಲೆ ನಕ್ಕೆ, ಮೇಜು ಹಿಡಿದುಕೊಂಡು ನಕ್ಕೆ. ಇವರ ಬಾಯಿಯ ಎಡಭಾಗವೂ ಮೇಲೆ ಹೋಯಿತು. ಬಲಭಾಗ ಬರುವುದಿಲ್ಲ, ಆದರೂ ಅದು ನಗುವೇ. ಮೇ ತಿಂಗಳಿನಿಂದ ಮೊದಲ ಸಲ.

ಅಕ್ಟೋಬರ್ 17

ಫಿಸಿಯೋ ಹುಡುಗಿ ಬಂದಿದ್ದಳು. ಮೆತ್ತನೆ ಚೆಂಡು ಹಿಡಿಸಿದಳು, ಹಿಡಿಯಲಿಲ್ಲ. "ಅಂಕಲ್, ಹಲೋ ಹೇಳಿ, ಶೇಕ್ ಹ್ಯಾಂಡ್ ಮಾಡೋಣ" ಎಂದು ಕೈ ಚಾಚಿದಳು. ಇವರು ಅವಳ ಕೈಯನ್ನು ನೋಡಿ ಕಿಟಕಿಯ ಕಡೆ ತಿರುಗಿದರು.

ಸುಮ್ಮಸುಮ್ಮನೆ ಕೈ ಕುಲುಕುವವರಲ್ಲ ಇವರು ಎಂದು ಅವಳಿಗೆ ಹೇಳಿದೆ. ಹಬ್ಬಕ್ಕೋ ಹುಟ್ಟುಹಬ್ಬಕ್ಕೋ ಯಾರಾದರೂ ಕೈ ಚಾಚಿದರೂ ನಮಸ್ಕಾರ ಮಾಡಿ ಜಾರಿಕೊಳ್ಳುತ್ತಾರೆ. ಕೈ ಕುಲುಕುವುದು ವ್ಯಾಪಾರ ಮುಗಿದಾಗ ಮಾತ್ರ. ಅಲ್ಲಿಯವರೆಗೆ ಆಡಿದ ಮಾತೆಲ್ಲ ಗಾಳಿ. ಬಲಗೈ ಹಿಡಿದು, ಅದರ ಮೇಲೆ ಎಡಗೈ ಇಟ್ಟು ಒಮ್ಮೆ ಒತ್ತಿದರೆ ಮುಗಿಯಿತು, ಆಮೇಲೆ ಯಾರು ಬಂದು ಏನು ಸುರಿದರೂ ಇಲ್ಲ. ಒಂದು ಮೂಲೆ ಅಂಗಡಿಯ ವಿಷಯದಲ್ಲಿ ಹಾಗೇ ಆಯಿತು. ಕೈ ಕುಲುಕಿ ಮನೆಗೆ ಬಂದು ಚಪ್ಪಲಿ ಬಿಟ್ಟಿರಲಿಲ್ಲ, ಇನ್ನೊಬ್ಬ ಬಂದು ಎಷ್ಟೋ ಹೆಚ್ಚಿಗೆ ಕೊಡುತ್ತೇನೆ ಎಂದ. ಆ ವರ್ಷ ನಮಗೆ ದುಡ್ಡಿಗೆ ಬಹಳ ತೊಂದರೆ. ಇವರು ಕೈ ತೋರಿಸಿ "ಆಗೋಗಿದೆ" ಎಂದು ಕಳಿಸಿಬಿಟ್ಟರು. ನನಗೆ ಮೈಯೆಲ್ಲ ಉರಿದುಹೋಗಿತ್ತು. ನಿಮ್ಮ ಕೈ ಏನು ಚಿನ್ನದ್ದೇ ಎಂದು ಕೇಳಿದ್ದೆ. ಒಂದು ವಾರ ಸರಿಯಾಗಿ ಮಾತಾಡಿಸಲಿಲ್ಲ.

"ಒಳ್ಳೇ ಅಂಕಲ್ಲೇ" ಎಂದಳು ಹುಡುಗಿ, ಚೆಂಡನ್ನು ಚೀಲಕ್ಕೆ ಹಾಕುತ್ತಾ.

ಮೂರನೇ ಮಹಡಿಯಾಕೆ ಪ್ಯಾಂಟು ಗಿಡ್ಡ ಮಾಡಿಸಲು ಬಂದು ಬೆಲೆ ಕೇಳಿದಳು. ಹೇಳಿ ದಾರ ಪೋಣಿಸುತ್ತಾ ಕೂತೆ. ಸ್ವಲ್ಪ ಹೊತ್ತು ಬಿಟ್ಟು ತಾನೇ "ಆಯ್ತು ಬಿಡಿ" ಎಂದು ಪೂರ್ತಿ ಕೊಟ್ಟುಹೋದಳು.

ಅಕ್ಟೋಬರ್ 21

ಬೆರಳು: ಇಲ್ಲ. ಆದರೆ ಊಟ ಚೆನ್ನಾಗಿ ಮಾಡಿದರು.

ಹಲ್ಲುಕಡ್ಡಿ ಫೋನ್ ಮಾಡಿದ. ಸ್ಪೀಕರ್ ಹಾಕಿ ಫೋನನ್ನು ಇವರ ತೊಡೆಯ ಮೇಲಿಟ್ಟೆ. "ಸಾರ್ ಏನಂತಾರೆ?" ಎಂದ. ಇಬ್ಬರೂ ಸುಮ್ಮನೆ ಕೂತೆವು. "ಹಲೋ? ಹಲೋ? ಲೈನಿನಲ್ಲಿ ಇದೀರಾ?" ಎಂದ. ಇವರು ನನ್ನ ಕಡೆ ಕಣ್ಣು ಹೊಡೆದರು, ದೇವರಾಣೆ. "ನಾಲ್ಕೂವರೆ ಮೇಡಂ, ಇದಕ್ಕಿಂತ ಮೇಲೆ ನನ್ನ ಕೈಲಾಗಲ್ಲ" ಎಂದ. "ಯೋಚನೆ ಮಾಡಿ ಹೇಳ್ತೀವಿ" ಎಂದೆ.

ಮೈದುನ ಬಂದು ಸುದ್ದಿ ಕೇಳಿ, "ಅಣ್ಣ ಇದ್ದಿದ್ರೆ ಐದಕ್ಕೆ ಒಪ್ಸಿರೋನು" ಎಂದ. ಎಲ್ಲಿತ್ತೋ ಸಿಟ್ಟು. "ಇದ್ದಿದ್ರೆ ಅಂದ್ರೇನು? ಎದುರಿಗೇ ಕೂತಿದಾರಲ್ಲ, ಕಣ್ಣು ಕಾಣಲ್ವಾ ನಿನಗೆ?" ಎಂದು ಬೈದುಬಿಟ್ಟೆ. ಪಾಪ, ಅವನ ಮುಖ ಸಣ್ಣದಾಯಿತು.

ಸಂಜೆ ಟೇಪು ತೆಗೆದುಕೊಂಡು ಹೋಗಿ ಬ್ರೆಡ್ ಅಂಗಡಿಯ ವ್ಯಾನಿನ ಬಾಗಿಲು ಅಳೆದುಬಂದೆ. ಕುರ್ಚಿಗಿಂತ ಒಂದು ಗೇಣು ಅಗಲ. ಹಲಗೆಗೆ ಬಡಗಿಯನ್ನೂ ಕೇಳಿದೆ. ಒಳಗೆಲ್ಲ ಬ್ರೆಡ್ಡಿನ ವಾಸನೆ, ಇವರಿಗೆ ಇಷ್ಟವಾಗುತ್ತದೆ.

ಅಕ್ಟೋಬರ್ 24

ಚಿಕಿತ್ಸಾ ಕೇಂದ್ರಕ್ಕೆಂದು ಇವರನ್ನು ಬೆಳಿಗ್ಗೆಯೇ ಅಂಗಳಕ್ಕೆ ಇಳಿಸಿಕೊಂಡು ಕಾದೆ. ಮೊದಲ ಟ್ಯಾಕ್ಸಿ ನಿಲ್ಲಲೇ ಇಲ್ಲ. ಎರಡನೆಯವನು ನಿಂತ, ಎತ್ತುವಾಗ ಇವರ ತಲೆ ಬಾಗಿಲಿಗೆ ಬಡಿಯಿತು, ನಾನು ಕಿರುಚಿದೆ, ಅವನಿಗೆ ಗಾಬರಿಯಾಗಿ ಬೇಡಮ್ಮ ಎಂದು ಹೊರಟುಹೋದ. ವಾಪಸ್ ಮೇಲೆ ಬಂದೆವು. ಹಣೆಯ ಮೇಲೆ ಬುಗುಟೆ. ನಾನು ಕೈ ಚೆಲ್ಲಿ ಕೂತಿದ್ದೇನೆ. ನನ್ನ ಕೈಯಲ್ಲಿ ಏನೂ ಇಲ್ಲ, ಏನೂ ಇಲ್ಲ.

ಅಕ್ಟೋಬರ್ 28

ಎಲ್ಲಿಂದ ಶುರು ಮಾಡಲಿ?

ಹಲ್ಲುಕಡ್ಡಿ ಮಧ್ಯಾಹ್ನ ಒಬ್ಬ ಮೆಕ್ಯಾನಿಕ್ ಜೊತೆ ಬಂದು ಕಾರನ್ನು ಬೀದಿಯ ತುದಿಯವರೆಗೆ ಓಡಿಸಿಕೊಂಡು ಬಂದ. ಆಮೇಲೆ ಒಬ್ಬನೇ ಮೇಲೆ ಬಂದ. ನಾನು ಆಗಲೇ ಐದು ಬಂದೇ ಬಂತು ಎಂದುಕೊಂಡಿದ್ದೆ, ಕಾಫಿಗೆ ಒಳ್ಳೇ ಲೋಟ ಇಟ್ಟಿದ್ದೆ. ಅವನು ಕೂರಲೂ ಇಲ್ಲ.

"ಗೇರು ಜಗ್ತಾ ಇದೆ. ಬಿಚ್ಚಿದ್ರೆ ದೊಡ್ಡ ಖರ್ಚು. ನಾಲ್ಕು, ಸಾರ್. ನಾಲ್ಕೂವರೆ ಅಂದಿದ್ದು ಮರ್ತುಬಿಡಿ. ಇಷ್ಟ ಇದ್ರೆ ಈಗ್ಲೇ ಮುಗಿಸೋಣ, ಇಲ್ಲಾಂದ್ರೆ ನಾನು ಈ ಕಡೆ ತಲೆ ಹಾಕಲ್ಲ."

ಎಂದವನೇ ಇವರ ಮುಂದೆ ಕೈ ಚಾಚಿದ.

ಅದು ಬೆದರಿಕೆ ಎಂದು ನನಗೆ ಗೊತ್ತಾಯಿತು. ಇಷ್ಟು ದಿನದಲ್ಲಿ ಅಷ್ಟು ಕಲಿತಿದ್ದೇನೆ. ಇವರು ಎಂದಿನಂತೆ ನೋಡುತ್ತಾ ಕೂರುತ್ತಾರೆ, ಅವನು ಬಾಗಿಲವರೆಗೆ ಹೋಗಿ ತಿರುಗುತ್ತಾನೆ, ನಾಲ್ಕೂಮುಕ್ಕಾಲು ಎನ್ನುತ್ತಾನೆ, ಲಿಫ್ಟಿನ ಹತ್ತಿರ ಐದು ಎನ್ನುತ್ತಾನೆ. ಕಣ್ಣೆದುರು ಕಂಡ ಹಾಗೆ ಗೊತ್ತಿತ್ತು ನನಗೆ. ಹಾಗಾಗಿ ನಾನೂ ಬಾಯಿ ಬಿಡಲಿಲ್ಲ.

ಹೊದಿಕೆ ಅಲುಗಿತು.

ಗಾಳಿಗೆ ಇರಬೇಕು ಎಂದುಕೊಂಡೆ. ಇವರ ಬಲಗೈ ಹೊದಿಕೆಯ ಮೇಲಿನಿಂದ ಎದ್ದಿತು. ಮೊದಲು ಮಣಿಕಟ್ಟು, ಆಮೇಲೆ ಬೆರಳು, ನೀರಿನೊಳಗಿನಿಂದ ಬರುವ ಹಾಗೆ ನಿಧಾನವಾಗಿ. ಹಲ್ಲುಕಡ್ಡಿ ಏನೂ ತಿಳಿಯದೆ ಹಿಡಿದುಕೊಂಡ. ಬೆರಳುಗಳು ಅವನ ಕೈ ಸುತ್ತ ಮಡಚಿದವು. ಆಮೇಲೆ ಎಡಗೈ ಬಂತು, ಮೇಲೆ ಕೂತಿತು, ಒಮ್ಮೆ ಒತ್ತಿತು.

ನಾನು ಕಿರುಚಿದೆನೋ ಏನೋ ಗೊತ್ತಿಲ್ಲ. ನೆಲದ ಮೇಲೆ ಕೂತುಬಿಟ್ಟಿದ್ದೆ. ಹಲ್ಲುಕಡ್ಡಿ ನನ್ನನ್ನು ನೋಡಿದ, ಕೈಯನ್ನು ನೋಡಿದ, ಆ ಹಿಡಿತದಲ್ಲಿ ಬಲವಿಲ್ಲ, ತಣ್ಣಗಿದೆ ಎಂದು ಅವನಿಗೆ ಆಗ ಗೊತ್ತಾಗಿರಬೇಕು. "ಏನಾಯ್ತಮ್ಮಾ?" ಎಂದ. ಹೇಳಿದೆ. ಲಕ್ವ, ಮೇ ತಿಂಗಳು, ಚೆಂಡು, ಟ್ಯಾಕ್ಸಿ, ವ್ಯಾನು, ಐದು, ಎಲ್ಲವನ್ನೂ ಹೇಳಿಬಿಟ್ಟೆ. ಚೌಕಾಸಿ ಮಾಡುವವಳು ಹೇಳಬಾರದ್ದನ್ನೆಲ್ಲ ಹೇಳಿದೆ.

ಅವನು ಬಾಯಿಂದ ಕಡ್ಡಿ ತೆಗೆದು ಕಿಸೆಗೆ ಹಾಕಿಕೊಂಡ.

"ನನಗೆ ಗೊತ್ತಿರಲಿಲ್ಲಮ್ಮ. ಸಾರ್ ಗಟ್ಟಿಗರು ಅಂತ ನಾನು ಆಟ ಆಡ್ದೆ. ಗೇರಿಗೆ ಅಂಥದ್ದೇನೂ ಆಗಿಲ್ಲ. ಹುಷಾರಿಲ್ಲದವರ ಕೈ ಹಿಡ್ದು ವ್ಯಾಪಾರ ಮುಗೀತು ಅನ್ನೋಕೆ ಆಗಲ್ಲ, ನನಗೂ ಮನೆ ಮಕ್ಕಳು ಇದಾರೆ. ಇದನ್ನ ಲೆಕ್ಕಕ್ಕೆ ಹಿಡೀಬೇಡಿ. ಐದು ಕೊಡ್ತೀನಿ, ತಗೊಳ್ಳಿ."

ಐದು.

ನಾನು ಇವರ ಕಡೆ ನೋಡಿದೆ. ಇವರು ನನ್ನನ್ನೇ ನೋಡುತ್ತಿದ್ದರು. ಬಲಗೈ ಮತ್ತೆ ಹೊದಿಕೆಯ ಮೇಲೆ ಬಿದ್ದಿತ್ತು, ಅಂಗೈ ಮೇಲೆ ಮಾಡಿಕೊಂಡು. ಲೆಕ್ಕಕ್ಕೆ ಹಿಡಿಯಬೇಡಿ ಎಂದನಲ್ಲ. ಐದು ತಗೊಂಡರೆ ಆ ಕೈ ಮಾಡಿದ್ದು ಏನು ಹಾಗಾದರೆ? ರೋಗಿಯ ಕೈ ಅಲುಗಿತು ಅಷ್ಟೇ ಎಂದಾಗುತ್ತದೆ. ವ್ಯಾಪಾರವಲ್ಲ, ಮಾತಲ್ಲ, ಇವರಲ್ಲ.

"ಕೈ ಕುಲುಕಿ ಆಗೋಗಿದೆ" ಎಂದೆ. "ನಾಲ್ಕೇ."

"ಅಮ್ಮಾ, ನಾನೇ ಕೊಡ್ತೀನಿ ಅಂತಿದೀನಲ್ಲ..."

"ನಮ್ಮನೆಯವರು ಕೈ ಕುಲುಕಿದ ಮೇಲೆ ಮುಗೀತು. ನಾಲ್ಕು ತಂದು ಕೊಟ್ಟು ಕಾರು ತಗೊಂಡು ಹೋಗಿ."

ಅವನು ಹೋದಮೇಲೆ ಅಡುಗೆಮನೆಯಲ್ಲಿ ಗೋಡೆಗೆ ಹಣೆ ಒತ್ತಿಕೊಂಡು ನಿಂತೆ. ಏನು ಮಾಡಿದೆ ನಾನು? ವ್ಯಾನು ಹೋಯಿತು. ಬುದ್ಧಿ ನೆಟ್ಟಗಿರುವ ಯಾರಾದರೂ ಮಾಡುವ ಕೆಲಸವೇ ಇದು? ಬೆರಳು: ಐದೂ. ಎಂದು ಬರೆಯಬೇಕು. ಬರೆದೆ.

ಅಕ್ಟೋಬರ್ 30

ಸವತಿ ಹೋದಳು. ಇವರನ್ನು ಕೆಳಗೆ ಕರೆದುಕೊಂಡು ಹೋಗಿದ್ದೆ. ಹಲ್ಲುಕಡ್ಡಿ ಬಾಗಿಲನ್ನು ಒಂದು ಸಲ ತೆಗೆದು ಹಾಕಿದ, ಇವರಿಗೆ ಸದ್ದು ಕೇಳಲಿ ಎಂದೇ ಇರಬೇಕು. ಅಂಗಳದಲ್ಲಿ ಅವಳು ನಿಲ್ಲುತ್ತಿದ್ದ ಕಡೆ ಎಣ್ಣೆಯ ಕಲೆ ಇದೆ. ಅವಳು ಹೋಗಿ ಹಗುರಾಗಬೇಕಿತ್ತು ನನಗೆ. ಆಗಲಿಲ್ಲ, ಬಿಕ್ಕಿ ಬಿಕ್ಕಿ ಅತ್ತೆ.

ಬ್ರೆಡ್ ಅಂಗಡಿಯ ಯಜಮಾನರ ಹತ್ತಿರ ಹೋಗಿ ನಾಲ್ಕು ಎಂದು ಹೇಳಿ ಸುಮ್ಮನೆ ನಿಂತೆ. ಅವರೂ ಸುಮ್ಮನೆ ನಿಂತರು. ಅವರು ನನಗಿಂತ ಗಟ್ಟಿ. "ಐದು ಅಂದ್ರೆ ಐದೇ ಅಕ್ಕಾ, ಬೇಜಾರ್ ಮಾಡ್ಕೋಬೇಡಿ" ಎಂದರು. ಒಂದು ಬ್ರೆಡ್ಡು ಕಟ್ಟಿಕೊಟ್ಟು ದುಡ್ಡು ಬೇಡ ಎಂದರು.

ನವೆಂಬರ್ 3

ಬೆರಳು: ಇಲ್ಲ. ಮೊನ್ನೆಯೂ ಇಲ್ಲ, ನಿನ್ನೆಯೂ ಇಲ್ಲ.

ವ್ಯಾನನ್ನು ಒಂದು ಹೂವಿನ ಅಂಗಡಿಯವರು ಕೊಂಡಿದ್ದಾರೆ. ಬೆಳಿಗ್ಗೆ ನಮ್ಮ ಕಿಟಕಿಯ ಕೆಳಗೇ ಹೋಯಿತು. ನಾಲ್ಕಕ್ಕೆ ಅಂಥದ್ದು ಸಿಗುತ್ತದಾ ಎಂದು ಮೈದುನ ಹುಡುಕುತ್ತಿದ್ದಾನೆ. ಇನ್ನೂ ಸಿಕ್ಕಿಲ್ಲ.

ಕೈ ಎದ್ದ ಸುದ್ದಿ ಕೇಳಿ ಫಿಸಿಯೋ ಹುಡುಗಿ ಮೊದಲು ಕುಣಿದಾಡಿದಳು, ಆಮೇಲೆ ಚೆಂಡು ಕೊಟ್ಟು ನೋಡಿ, ಕೈ ಚಾಚಿ ನೋಡಿ ಸಪ್ಪಗಾದಳು. "ಹಳೇ ಅಭ್ಯಾಸ ಆಂಟಿ. ಕೆಲವು ಸಲ ತಲೆಗೆ ಹೇಳದೇ ಕೈ ತಾನೇ ಮಾಡಿಬಿಡುತ್ತೆ. ಅಂಕಲ್ ಬೇಕು ಅಂತ ಮಾಡಿದ್ರೋ ಇಲ್ವೋ ನಂಗೂ ಹೇಳೋಕಾಗಲ್ಲ" ಎಂದಳು. ಅವಳು ಹೋದಮೇಲೆ ಇವರನ್ನೇ ಕೇಳಿದೆ. "ಬೇಕು ಅಂತ್ಲೇ ಕುಲುಕಿದ್ರಾ ರೀ?" ಇವರು ಕಣ್ಣು ಮುಚ್ಚಿದರು. ಹೌದು ಎಂದೋ, ನಿದ್ದೆ ಬಂದಿತ್ತೋ. ಬೇಗ ತೆರೆಯಲಿಲ್ಲ.

ಇವರು ನಿದ್ದೆ ತಿಳಿದು ಎದ್ದಮೇಲೆ ಕತ್ತರಿ ಮೇಜನ್ನು ಎಳೆದುಕೊಂಡು ಎದುರಿಗೆ ಕೂತೆ. "ಹೊಲಿಗೆ ಮಿಷನ್ ಮಾರಬೇಕು ಅಂತಿದೀನಿ ಯಜಮಾನ್ರೇ. ಹಳೇದು, ಆದ್ರೆ ಒಳ್ಳೇದು. ಸೂಜಿ ಹೊಸದು" ಎಂದೆ, ಗಿರಾಕಿಗೆ ಹೇಳುವ ಹಾಗೆ. ಇವರು ಮಿಷನ್ನನ್ನು ನೋಡಿದರು, ನನ್ನನ್ನು ನೋಡಿದರು. ಒಂದು ಬೆಲೆ ಹೇಳಿದೆ. ಎಡಹುಬ್ಬು ಮೇಲೆ ಹೋಯಿತು, ಇಷ್ಟಾ ಎಂಬ ಹಾಗೆ. ಇಳಿಸಿದೆ. ಇನ್ನೂ ಸ್ವಲ್ಪ ಇಳಿಸಿದೆ. ಹುಬ್ಬು ಕೆಳಗೆ ಬಂತು. ಆಗ ಕೈ ಚಾಚಿದೆ.

ಇವರು ನನ್ನ ಕೈಯನ್ನು ನೋಡುತ್ತಿದ್ದಾರೆ. ಕಿಟಕಿಯ ಕಡೆ ತಿರುಗಿಲ್ಲ. ಕಾಫಿ ಆರಿದೆ, ಮೂರನೇ ಮಹಡಿಯಾಕೆ ಬಾಗಿಲು ಬಡಿದು ಹೋದಳು, ನಾನು ಏಳಲಿಲ್ಲ. ಬೆಲೆ ಹೇಳಿಯಾಗಿದೆ, ಇನ್ನು ಮಾತಾಡುವ ಹಾಗಿಲ್ಲ. ನನ್ನ ಬಲಗೈ ಇನ್ನೂ ಅಲ್ಲೇ ಇದೆ, ಮರಗಟ್ಟುತ್ತಿದೆ. ಇದನ್ನು ಎಡಗೈಯಲ್ಲಿ ಬರೆಯುತ್ತಿದ್ದೇನೆ. ಅಕ್ಷರವೆಲ್ಲ ಕಾಗೆ ಕಾಲು ಗುಬ್ಬಿ ಕಾಲು.